ಈಚಲೂ ಖರ್ಜೂರವೂ

(ಬಾನುಲಿ ಭಾಷಣ)

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಕುಡಿದನೆನ್ನುತ್ತಾರೆ. ಈ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಶಾಲೆಯಲ್ಲಿ ಇದನ್ನು ವಿಸ್ತರಿಸಿ ಬರೆಯಲು ಕೊಡುತ್ತಿದ್ದರು. ದುರ್ಜನರ ಸಹವಾಸದಿಂದ ಸಜ್ಜನನಿಗೂ ಅಪವಾದ ತಪ್ಪದೆಂದು ನಾವೆಲ್ಲ ಒಂದೇ ಬಗೆಯಾಗಿ ಬರೆದು ಅಂಕ ಗಳಿಸುತ್ತಿದ್ದೆವು. ಮಜ್ಜಿಗೆ ಕುಡಿದವನಿಗಾಗಿ ಮರುಗುವ ಈ ಗಾದೆ ಮರಕ್ಕಾಗಿ ಮರುಗುವುದಿಲ್ಲ. ಮರದ ಅಪಕೀರ್ತಿಯನ್ನು ಅದು ಪ್ರಶ್ನಿಸುವುದೂ ಇಲ್ಲ. ಎಲ್ಲರೂ ಒಪ್ಪಿದ ಸಂಗತಿಯೆಂದೇ ಹಿಡಿದು ಮುಂದೆ ಹೋಗುತ್ತದೆ.

ಇಂದು ನಾನು ಆ ಮರವನ್ನು ಕುರಿತೂ ಅದರ ಒಡಹುಟ್ಟಿನಂತಿರುವ ಖರ್ಜೂರವನ್ನು ಕುರಿತೂ ಒಂದಿಷ್ಟು ಮಾತನಾಡಬೇಕೆಂದಿದ್ದೇನೆ. ಸಸ್ಯಶಾಸ್ತ್ರ ನನ್ನ ಕಸುಬಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿಕೊಂಡು ಬಂದವನು ನಾನು. ಆದರೆ ನನ್ನ ಊರು ತುಮಕೂರು ತಾಲ್ಲೂಕಿನ ಊರ್ಡಿಗೆರೆ. ದೇವರಾಯನದುರ್ಗದ ಬೆಟ್ಟಗಳ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ಈಚಲನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿರಲಿಲ್ಲ. ಕೆರೆಯ ಏರಿ, ಹಳ್ಳದ ದಂಡೆ, ಹೊಲದ ಬದು, ಎಲ್ಲಿ ನೋಡಿದರೂ ಅದೇ ಇತ್ತು. ಒಕ್ಕಣೆಯ ಕಣದಲ್ಲಿ ರಾಗಿ ಹರಡಿಕೊಳ್ಳುತ್ತಿದ್ದುದು ಈಚಲು ಚಾಪೆಯ ಮೇಲೆ. ಅಂಗಳ ಗುಡಿಸುತ್ತಿದ್ದುದು ಈಚಲ ಪೊರಕೆಯಿಂದ. ಗೀಜಗ ತನ್ನ ಗೂಡನ್ನು ತೂಗುಹಾಕುತ್ತಿದ್ದುದು ಬಾವಿಯ ಮೇಲೆ ಬಾಗಿದ ಈಚಲ ಗರಿಯ ತುದಿಗೆ. ಖರ್ಜೂರವೋ, ಮನೆಯ ಗೋಡೆಯೊಳಗಿನ ಗೂಡಿನಲ್ಲಿ ಉತ್ತುತ್ತೆಯ ರೂಪದಲ್ಲಿ ಡಬ್ಬಿಯೊಳಗೆ ಇರುತ್ತಿತ್ತು. ಬಾಣಂತಿಗೆ, ಮದುವೆಯ ತಾಂಬೂಲಕ್ಕೆ, ದೇವರ ನೈವೇದ್ಯಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತು. ಎರಡೂ ಒಂದೇ ಮನೆತನದವೆಂದು ನಮಗೆ ಯಾರೂ ಹೇಳಲಿಲ್ಲ.

ಮನೆತನ ಒಂದೇ ಎಂಬುದನ್ನು ನಮ್ಮ ನೆರೆಯ ತಮಿಳರು ತಮ್ಮ ಮಾತಿನಲ್ಲಿಯೇ ಉಳಿಸಿಕೊಂಡಿದ್ದಾರೆ. ಈಚಲಿಗೆ ಅವರು ಈಂದು, ಈಚ್ಚ ಎನ್ನುತ್ತಾರೆ. ಖರ್ಜೂರಕ್ಕೆ ಅವರು ಕೊಟ್ಟ ಹೆಸರು ಪೇರೀಚ್ಚಂ, ಅಂದರೆ ಹಿರಿಯ ಈಚಲು. ಮಲೆಯಾಳಿಗಳಿಗೆ ಅದು ಈಂದಪ್ಪಳ. ತುಳುವಿನ ಈಂಚಿಲು, ತೆಲುಗಿನ ಈತ, ನಮ್ಮ ಈಚಲು, ಇವೆಲ್ಲ ಒಂದೇ ಬೇರಿನಿಂದ ಒಡೆದ ಮಾತುಗಳು. ಅರಬರ ಹಣ್ಣು ನಮ್ಮ ರೇವುಗಳಿಗೆ ಬರುವ ಮೊದಲೇ ಈ ನೆಲದಲ್ಲಿ ಇದ್ದಿರಬೇಕು. ಹೊರಗಿನಿಂದ ಬಂದ ದೊಡ್ಡ ಹಣ್ಣನ್ನು ಕಂಡಾಗ ತಮಿಳರು ತಮಗೆ ಗೊತ್ತಿದ್ದ ಸಣ್ಣ ಹಣ್ಣಿನ ನೆನಪಿನಿಂದ ಅದಕ್ಕೆ ಹೆಸರಿಟ್ಟರು. ಕನ್ನಡಿಗರೂ ತೆಲುಗರೂ ಹಾಗೆ ಮಾಡಲಿಲ್ಲ. ಕಾಡಿನ ಮರಕ್ಕೆ ದೇಸಿ ಹೆಸರು, ಅಂಗಡಿಯ ಹಣ್ಣಿಗೆ ಸಂಸ್ಕೃತದ ಹೆಸರು ಎಂದು ಹಂಚಿಬಿಟ್ಟರು. ಹೆಸರು ಬೇರೆಯಾದ ಮೇಲೆ ನಂಟೂ ಮರೆತುಹೋಯಿತು. ಭಾಷೆಯ ಇತಿಹಾಸದಲ್ಲಿ ಇಂಥ ಅನ್ಯಾಯ ಎಷ್ಟೋ ನಡೆದಿವೆಯೆನ್ನಿ.

ಇದರಲ್ಲಿ ಸಂಸ್ಕೃತದ ತಪ್ಪೇನೂ ಇಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಖರ್ಜೂರ, ಖರ್ಜೂರೀ ಎಂಬ ಎರಡು ಹೆಸರುಗಳನ್ನು ಕೇದಗೆ ಮತ್ತು ತಾಳೆಗಳೊಡನೆ ಸೇರಿಸಿ, ಇವೆಲ್ಲ ತೃಣದ್ರುಮಗಳು, ಅಂದರೆ ಹುಲ್ಲಿನ ಜಾತಿಯ ಮರಗಳು ಎಂದು ಹೇಳಿದ್ದಾನೆ. ಅವೆರಡರಲ್ಲಿ ನಮ್ಮ ಈಚಲು ಯಾವುದೆಂಬ ಜಿಜ್ಞಾಸೆ ಪಂಡಿತರಿಗಿರಲಿ. ಆ ವರ್ಗೀಕರಣದ ಕಣ್ಣು ಎಷ್ಟು ಚುರುಕಾದುದು ನೋಡಿ! ಈಚಲನ್ನು ಅಡ್ಡ ಕೊಯ್ದರೆ ಬೇವು ಹೊನ್ನೆಗಳಲ್ಲಿರುವಂತೆ ವರ್ಷವರ್ಷದ ಬಳೆಗಳು ಕಾಣುವುದಿಲ್ಲ. ಒಳಗೆಲ್ಲ ನಾರಿನ ಎಳೆಗಳು. ಕೊಂಬೆಯಿಲ್ಲ, ಸಿಪ್ಪೆ ಸುಲಿಯುವ ಹಾಗಿಲ್ಲ, ಮೊಳಕೆಯಲ್ಲಿ ಒಂದೇ ದಳ. ಇಂದಿನ ಸಸ್ಯಶಾಸ್ತ್ರವೂ ಹುಲ್ಲನ್ನೂ ಈಚಲನ್ನೂ ಏಕದಳ ಸಸ್ಯಗಳೆಂಬ ಒಂದೇ ದೊಡ್ಡ ಗುಂಪಿನಲ್ಲಿಟ್ಟಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ವೈದ್ಯಗ್ರಂಥ ‘ಭಾವಪ್ರಕಾಶ’ದಲ್ಲಿ ಇನ್ನೂ ಖಚಿತವಾಗಿ ಹೇಳುತ್ತಾನೆ: ಇಲ್ಲಿನದು ಭೂಮಿಖರ್ಜೂರಿಕೆ, ಪಶ್ಚಿಮ ದೇಶದಲ್ಲಿ ಬೆಳೆಯುವುದು ಪಿಂಡಖರ್ಜೂರಿಕೆ. ನೆಂಟಸ್ತಿಕೆಯನ್ನೂ ಉಳಿಸಿ ವ್ಯತ್ಯಾಸವನ್ನೂ ತೋರಿಸಿದ ಹೆಸರುಗಳಿವು.

ಯುರೋಪಿನ ವಿದ್ವಾಂಸರಿಗೂ ಇದು ಒಡನೆ ಹೊಳೆಯಲಿಲ್ಲ. 1753ರಲ್ಲಿ ಲಿನಿಯಸ್ ಜಗತ್ತಿನ ಸಸ್ಯಗಳಿಗೆಲ್ಲ ಜೋಡಿ ಹೆಸರು ಕೊಟ್ಟಾಗ ಖರ್ಜೂರವನ್ನು ಫೀನಿಕ್ಸ್ ಎಂಬ ಕುಲದಲ್ಲಿಯೂ ಈಚಲನ್ನು ಎಲಾಟೆ ಎಂಬ ಬೇರೊಂದು ಕುಲದಲ್ಲಿಯೂ ಇಟ್ಟ. ಭಾರತದಲ್ಲಿ ಬಹುಕಾಲ ಕೆಲಸ ಮಾಡಿದ ವಿಲಿಯಂ ರಾಕ್ಸ್‌ಬರ್ಗ್ ಎರಡು ಮರಗಳೂ ಒಂದೇ ಕುಲದವೆಂದು ಕಂಡುಕೊಂಡು ಈಚಲನ್ನು ಫೀನಿಕ್ಸ್ ಕುಲಕ್ಕೆ ತಂದ. ಆತ ತೀರಿಕೊಂಡ ಮೇಲೆ, 1832ರಲ್ಲಿ, ಅದು ಅಚ್ಚಾಯಿತು. ಈಗ ಶಾಸ್ತ್ರದಲ್ಲಿ ಖರ್ಜೂರ ‘ಫೀನಿಕ್ಸ್ ಡ್ಯಾಕ್ಟಿಲಿಫೆರ’, ಎಂದರೆ ಬೆರಳನ್ನು ಹೊತ್ತದ್ದು; ಈಚಲು ‘ಫೀನಿಕ್ಸ್ ಸಿಲ್ವೆಸ್ಟ್ರಿಸ್’, ಎಂದರೆ ಕಾಡಿನದು. ನಮ್ಮ ಕುರುಚಲು ಗುಡ್ಡಗಳಲ್ಲಿ ಆಳುದ್ದವೂ ಬೆಳೆಯದ ಕಿರಿಯ ಈಚಲೊಂದಿದೆ. ಅದೂ ಇದೇ ಕುಲದ್ದು. ಕರಡಿಗೆ ಅದರ ಹಣ್ಣು ಬಲು ಪ್ರೀತಿ. ಅದರ ಮಾತು ಇಂದಿಗೆ ಬೇಡ.

ಎದುರಿಗೆ ನಿಂತಾಗ ಇವೆರಡನ್ನು ಗುರುತಿಸುವುದು ಹೇಗೆ? ಮೊದಲು ಬುಡ ನೋಡಬೇಕು. ಖರ್ಜೂರ ತನ್ನ ಬುಡದಲ್ಲಿ ಬಾಳೆಯಂತೆ ಕಂದುಗಳನ್ನು ಹಾಕುತ್ತದೆ. ಈಚಲು ಒಂಟಿ ಕಾಂಡದ್ದು. ಕಳಚಿಬಿದ್ದ ಗರಿಗಳ ಬುಡ ಉಳಿದು ಅದರ ಕಾಂಡದ ಮೇಲೆ ವಜ್ರಾಕೃತಿಯ ಚೌಕುಳಿಗಳು ಮೂಡಿರುತ್ತವೆ. ಆಮೇಲೆ ತಲೆ ನೋಡಬೇಕು. ಈಚಲ ಗರಿಗಳು ದಟ್ಟವಾಗಿ ಸೇರಿ ತಲೆಯೆಲ್ಲ ದುಂಡಗೆ ಕಾಣುತ್ತದೆ. ಗರಿಯ ಎಳೆಗಳು ಗೊಂಚಲುಗೊಂಚಲಾಗಿ ನಾಲ್ಕು ದಿಕ್ಕಿಗೂ ಕೆದರಿಕೊಂಡಿರುತ್ತವೆ. ಖರ್ಜೂರದ ತಲೆ ಅಷ್ಟು ದಟ್ಟವಲ್ಲ. ಗರಿಯ ಬಣ್ಣದಲ್ಲಿ ನೀಲಿಬೂದಿಯ ಛಾಯೆ ಹೆಚ್ಚು. ಮುಳ್ಳಿನ ವಿಷಯದಲ್ಲಿ ಎರಡೂ ಸಮಾನ. ಗರಿಯ ಬುಡದ ಎಳೆಗಳೇ ಮುಳ್ಳಾಗಿ ಗಟ್ಟಿಗೊಂಡಿರುವುದರಿಂದ ಎರಡರ ಹತ್ತಿರವೂ ಸಲಿಗೆ ಸಲ್ಲದು.

ಹಣ್ಣಿನ ಮಾತು ಎಲ್ಲರೂ ಬಲ್ಲರು. ಖರ್ಜೂರದ ಹಣ್ಣು ಬೆರಳುದ್ದ; ಒಣಗಿದ ಹಣ್ಣಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಈಚಲ ಹಣ್ಣು ಒಂದು ಅಂಗುಲದ ಆಸುಪಾಸು. ಕಿತ್ತಳೆ ಹಳದಿಯಿಂದ ಕೆಂಗಂದಿಗೆ ತಿರುಗುತ್ತದೆ. ಬೀಜದ ಮೇಲೆ ತೆಳ್ಳಗೆ ಹಚ್ಚಿದಷ್ಟು ತಿರುಳು, ಅದರಲ್ಲಿ ಅರೆಪಾಲು ಒಗರು. ಆದರೆ ಎರಡು ಬೀಜಗಳನ್ನೂ ಅಂಗೈಯಲ್ಲಿಟ್ಟು ನೋಡಿ. ಎರಡಕ್ಕೂ ಒಂದು ಮಗ್ಗುಲಲ್ಲಿ ಉದ್ದಕ್ಕೆ ಸೀಳಿದಂಥ ಗೀರು. ಇನ್ನೊಂದು ಮಗ್ಗುಲಲ್ಲಿ, ನಡುವೆ, ಉಗುರ ತುದಿಯಿಂದ ಒತ್ತಿದಂಥ ಚಿಕ್ಕ ಚುಕ್ಕೆ. ಆ ಚುಕ್ಕೆಯ ಹಿಂದೆಯೇ ಮೊಳಕೆ ಮಲಗಿದೆ. ಬೀಜದ ಮಟ್ಟಿಗೆ ಒಂದು ದೊಡ್ಡದು, ಒಂದು ಚಿಕ್ಕದು, ಅಷ್ಟೆ. ಈಚಲ ಗಂಡು ಹೂವಿನ ಪರಾಗದಿಂದ ಖರ್ಜೂರದ ಹೆಣ್ಣು ಕಾಯಿ ಕಟ್ಟಬಲ್ಲುದು. ಎರಡರ ಬೆರಕೆ ಸಂತಾನವೂ ಬದುಕುತ್ತದೆ. ಒಂದು ಕಾಲಕ್ಕೆ ನಮ್ಮ ಈಚಲೇ ಖರ್ಜೂರದ ಮೂಲಪುರುಷನಿರಬೇಕೆಂದು ಊಹಿಸಿದವರಿದ್ದರು. 2017ರಲ್ಲಿ ಒಮಾನಿನ ಬೆಟ್ಟಗಳಲ್ಲಿ ನಿಜವಾದ ಕಾಡು ಖರ್ಜೂರದ ಮರಗಳನ್ನು ವಿಜ್ಞಾನಿಗಳು ಗುರುತಿಸಿದ ಮೇಲೆ ಆ ಊಹೆ ಹಿಂದೆ ಸರಿಯಿತು. ನಮ್ಮದು ತಂದೆಯಲ್ಲ, ಹತ್ತಿರದ ದಾಯಾದಿ.

ಈ ದಾಯಾದಿಗಳಿಗೆ ಮನುಷ್ಯನು ಕೊಟ್ಟ ಬಾಳು ಮಾತ್ರ ಅಜಗಜಾಂತರ. ಬ್ಯಾಬಿಲೋನಿನ ಅರಸು ಹಮ್ಮುರಾಬಿ, ಕ್ರಿಸ್ತನಿಗೆ ಹದಿನೆಂಟು ಶತಮಾನಗಳ ಹಿಂದೆ, ಕಲ್ಲಿನಲ್ಲಿ ಕೆತ್ತಿಸಿದ ಶಾಸನಗಳಲ್ಲಿ ತೋಟದ ಕಟ್ಟಳೆಗಳಿವೆ. ಪರರ ತೋಟದ ಮರವನ್ನು ಹೇಳದೆ ಕಡಿದವನು ಅರ್ಧ ಮಿನ ತೂಕದ ಬೆಳ್ಳಿ ತೆರಬೇಕು. ಮರಗಳಿಗೆ ಪರಾಗ ಕಟ್ಟಲು ಒಪ್ಪಿಕೊಂಡ ತೋಟಗಾರನಿಗೆ ಫಲದಲ್ಲಿ ಇಂತಿಷ್ಟು ಪಾಲು, ಅಸಡ್ಡೆ ಮಾಡಿದರೆ ಇಂಥ ದಂಡ. ಒಮಾನಿನಲ್ಲಿ ಬೆಟ್ಟದ ನೀರನ್ನು ಖರ್ಜೂರದ ತೋಟಗಳಿಗೆ ಹಾಯಿಸುವ ಫಲಜ್ ಎಂಬ ಪುರಾತನ ಕಾಲುವೆಗಳಿವೆ. 2006ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಸ್ಕತ್ತಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿಗೆ ನನ್ನನ್ನು ಕರೆದೊಯ್ದಿದ್ದರು. ಯಾವ ತೋಟಕ್ಕೆ ಯಾವ ಹೊತ್ತು ಎಷ್ಟು ನೀರು ಎಂಬ ಲೆಕ್ಕವನ್ನು ಮುದುಕರೊಬ್ಬರು ವಿವರಿಸುತ್ತಿದ್ದರೆ, ನಮ್ಮ ಊರಿನ ನೀರುಗಂಟಿಗಳು ನೆನಪಾದರು.

ಈಚಲಿಗೂ ನಮ್ಮಲ್ಲಿ ಕಾನೂನುಂಟು, ಅದು ಅಬ್ಕಾರಿಯ ಕಾನೂನು. ಹಳೆ ಮೈಸೂರಿನ ಪಹಣಿಗಳನ್ನು ನೋಡಿದವರಿಗೆ ‘ಈಚಲು ಖರಾಬು’ ಎಂಬ ಮಾತು ಗೊತ್ತಿರುತ್ತದೆ. ನೆಲ ಖರಾಬು, ಮರ ವರಮಾನ! ಮರಕ್ಕೆ ಸರ್ಕಾರದ ದೃಷ್ಟಿಯಲ್ಲಿದ್ದ ಬೆಲೆಯೆಲ್ಲ ಹೆಂಡದ ಬೆಲೆ. ಹೆಂಡದ ವಿರುದ್ಧ ಜನ ಎದ್ದಾಗ ಏಟು ಬಿದ್ದುದೂ ಮರದ ಮೇಲೆಯೇ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರೂ ಅದರಲ್ಲಿದ್ದು ಸೆರೆಮನೆ ಕಂಡರು. ಆ ಹೋರಾಟದ ಬಗ್ಗೆ ನನಗೆ ಅಪಾರ ಗೌರವವಿದೆ. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರ ಕೈಯಲ್ಲಿ ಕೊಡಲಿ ಇದ್ದುದು ಅರ್ಥವಾಗುವ ಸಂಗತಿಯೇ. ಒಂದೆಡೆ ಮರ ಕಡಿದವನಿಗೆ ಬೆಳ್ಳಿಯ ದಂಡ. ಇನ್ನೊಂದೆಡೆ ಅದರ ದಾಯಾದಿಯನ್ನು ಕಡಿಯುವುದೇ ದೇಶಸೇವೆ. ಮರಗಳೆರಡೂ ಮಾಡಿದ್ದು ಒಂದೇ ಕೆಲಸ: ನೆಲದ ನೀರನ್ನು ಸಕ್ಕರೆಯಾಗಿಸಿದ್ದು. ಒಂದು ಅದನ್ನು ಹಣ್ಣಿನಲ್ಲಿ ತುಂಬಿತು. ಇನ್ನೊಂದರ ಹಣ್ಣಿನಲ್ಲಿ ಅದು ಸಾಲದೆ, ನಾವು ಕಾಂಡಕ್ಕೇ ಕತ್ತಿ ಹಾಕಿದೆವು.

ಆ ಕತ್ತಿ ಹಾಕುವ ರೀತಿಯನ್ನು ಕೊಂಚ ವಿವರಿಸಬೇಕು. ತೆಂಗು ತಾಳೆಗಳಲ್ಲಿ ಹೊಂಬಾಳೆಯ ತುದಿ ಕೊಯ್ದು ರಸ ಇಳಿಸುತ್ತಾರೆ. ಈಚಲಲ್ಲಿ ಹಾಗಲ್ಲ. ತಲೆಯ ಕೆಳಗೆ, ಕೆಲವು ಗರಿಗಳನ್ನು ಸವರಿ, ಎಳೆಯ ಕಾಂಡವನ್ನೇ ಕೆತ್ತಿ ಮಡಕೆ ಕಟ್ಟುತ್ತಾರೆ. ಸುಳಿಗೆ ತಗಲಿದರೆ ಮರ ಸತ್ತಿತು. ಆದುದರಿಂದ ಅದು ನುರಿತ ಕೈಯ ಕೆಲಸ. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಅದರ ಎದುರು ಮಗ್ಗುಲು. ಹೀಗೆ ಇಳಿಸಿದ ಮರದ ಕಾಂಡ ಹಾವಿನಂತೆ ಅತ್ತಿತ್ತ ಬಳುಕಿ ಏರಿರುತ್ತದೆ. ಬೆಳಗಿನ ಜಾವ ಇಳಿಸಿದ ರಸ ನೀರಾ. ನೂರಕ್ಕೆ ಹತ್ತು ಹನ್ನೆರಡು ಪಾಲು ಸಕ್ಕರೆಯುಳ್ಳ ನಿರಪರಾಧಿ ಪಾನೀಯ. ಬಿಸಿಲೇರಿದಂತೆ ಗಾಳಿಯಲ್ಲಿನ ಸೂಕ್ಷ್ಮಜೀವಿಗಳು ಸೇರಿ ಅದೇ ಹೆಂಡವಾಗುತ್ತದೆ. ರಾಜರತ್ನಂ ಅವರ ರತ್ನ ಕುಡಿದ ಹೆಂಡ ಯಾವ ಮರದ್ದೆಂದು ನಾವು ತರಗತಿಯಲ್ಲಿ ಕೇಳಿಕೊಂಡದ್ದುಂಟೇ? ಹಳೆ ಮೈಸೂರಿನ ಬಯಲುಸೀಮೆಯ ಹೆಂಡ ಬಹುಮಟ್ಟಿಗೆ ಈಚಲದ್ದು. ಇದೇ ಮರದ ಇದೇ ರಸವನ್ನು ಬಂಗಾಳಿಗಳು ಚಳಿಗಾಲದಲ್ಲಿ ಒಲೆಯ ಮೇಲೆ ಕುದಿಸಿ ಬೆಲ್ಲ ಮಾಡುತ್ತಾರೆ. ಆ ನೊಲೆನ್ ಗುಡದ ಸಂದೇಶಕ್ಕಾಗಿ ಇಡೀ ಕಲ್ಕತ್ತೆ ಪುಷ್ಯಮಾಸವನ್ನು ಕಾಯುತ್ತದೆ. ಅಲ್ಲಿ ಈಚಲ ಮರದ ಹೆಸರೇ ಖೇಜೂರ್. ಅದರ ಕೆಳಗೆ ಕುಳಿತು ಏನು ಕುಡಿದರೂ ಯಾರೂ ಆಡಿಕೊಳ್ಳಲಾರರು.

ಖರ್ಜೂರವನ್ನೇ ಇಲ್ಲಿ ಏಕೆ ಬೆಳೆಯಬಾರದೆಂದು ಕೇಳುವವರಿದ್ದಾರೆ, ಬೆಳೆಯುತ್ತಲೂ ಇದ್ದಾರೆ. ಬುಡ ನೀರಿನಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು ಎಂಬುದು ಆ ಮರದ ಜಾತಕ. ಹಣ್ಣಾಗುವ ಹೊತ್ತಿಗೆ ಮಳೆ ಬಿದ್ದರೆ ಗೊನೆ ಕೊಳೆಯುತ್ತದೆ. ಕಛ್ಛದ ರೈತರು ಇದಕ್ಕಾಗಿಯೇ ಮಳೆಗಾಲ ಹಿಡಿಯುವ ಮೊದಲು, ಕಾಯಿ ಬಣ್ಣ ತಿರುಗಿ ಇನ್ನೂ ಗರಿಗರಿಯಾಗಿರುವಾಗಲೇ ಕೊಯ್ದು ಮಾರುತ್ತಾರೆ. ನಮ್ಮ ಒಣ ಜಿಲ್ಲೆಗಳಲ್ಲಿಯೂ ಅಂಗಾಂಶ ಕೃಷಿಯ ಬರ್ಹಿ ತಳಿಯ ಸಸಿಗಳನ್ನು ನೆಟ್ಟು ಹಾಗೆಯೇ ಹಸಿ ಹಣ್ಣು ಮಾರುವ ರೈತರಿದ್ದಾರೆ. ಅವರಿಗೆ ಶುಭವಾಗಲಿ. ತೆಂಗಿನ ತುಮಕೂರಿಗೆ ಚಿರಪರಿಚಿತವಾದ ಕೆಂಪುಮೂತಿ ಹುಳುವೂ, 1980ರ ದಶಕದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟಗಳನ್ನು ಹೊಕ್ಕು ಹಾಳುಮಾಡಿದ ಹುಳುವೂ ಒಂದೇ ಎಂಬುದನ್ನು ಅವರು ಬಲ್ಲರೆಂದು ನಂಬಿದ್ದೇನೆ.

ನನಗೆ ಸೋಜಿಗವೆನಿಸುವುದು ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ನಮ್ಮ ಈಚಲು ಶೃಂಗಾರದ ಮರವಾಗಿ ದೊಡ್ಡ ಬೆಲೆಗೆ ಮಾರಾಟವಾಗುತ್ತದೆ. ಶ್ರೀಮಂತರ ಮನೆಯ ಮುಂದೆ ಸಾಲಾಗಿ ನಿಲ್ಲುತ್ತದೆ. ತುಮಕೂರಿನ ಹೊರವಲಯದ ಹೊಸ ಬಡಾವಣೆಯೊಂದರ ಹೆಬ್ಬಾಗಿಲಲ್ಲಿಯೂ ಅಂಥ ಸಾಲು ಕಂಡೆ. ಖರ್ಜೂರದ ಮರಗಳೆಂದು ಅಲ್ಲಿನವರು ಹೆಮ್ಮೆಯಿಂದ ಹೇಳಿದರು. ಬುಡದಲ್ಲಿ ಕಂದಿಲ್ಲ, ಕಾಂಡದ ಮೇಲೆ ಚೌಕುಳಿ, ಗೊಂಚಲು ಎಳೆಯ ಗರಿ, ಅವು ಈಚಲು. ನಾನೇನೂ ಹೇಳಲಿಲ್ಲ. ಆ ಹೆಸರಿನಿಂದಲಾದರೂ ನೀರು ಸಿಕ್ಕುತ್ತಿದ್ದರೆ ಸಿಕ್ಕಲಿ.

ಏಕೆಂದರೆ ಊರುಗಳಲ್ಲಿ ಅದು ಹೋಗುತ್ತಿದೆ. ಕೆರೆಯ ಹೂಳೆತ್ತುವಾಗ, ಏರಿ ಅಗಲ ಮಾಡುವಾಗ, ಬದು ಸಮಮಾಡುವಾಗ ಮೊದಲು ಉರುಳುವುದು ಈಚಲು. ಮಾವು ಕಡಿದರೆ ಕೇಳುವವರಿದ್ದಾರೆ, ಅರಳಿ ಕಡಿದರೆ ಹೆದರುವವರಿದ್ದಾರೆ, ಈಚಲಿಗೆ ಯಾರೂ ಇಲ್ಲ. ಹೆಂಡ ನಿಂತ ಮೇಲೆ ಅಬ್ಕಾರಿಯವರಿಗೂ ಬೇಡ. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಹೆಣೆಯುವವರಿಗೂ ಬೇಡ. ಅದರ ನಾರುಬೇರು ಏರಿಯ ಮಣ್ಣನ್ನು ಹೇಗೆ ಬಿಗಿಹಿಡಿಯುತ್ತದೆ ಎಂಬುದನ್ನು ಕೊಚ್ಚಿಹೋದ ಹಳ್ಳದ ದಂಡೆಯೇ ಹೇಳಬೇಕು. ಇಲ್ಲಿ ಖರ್ಜೂರಕ್ಕೂ ಈಚಲಿಗೂ ಇರುವ ಒಂದು ವ್ಯತ್ಯಾಸ ಕೇವಲ ಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ. ಖರ್ಜೂರದ ತಾಯಿಮರ ಬಿದ್ದರೂ ಬುಡದ ಕಂದು ಉಳಿಯುತ್ತದೆ. ಇಂದು ತೋಟಗಳಲ್ಲಿರುವ ಒಳ್ಳೆಯ ತಳಿಯ ಮರಗಳೆಲ್ಲ ಯಾವುದೋ ಒಂದು ಮರದ ಕಂದಿನ ಕಂದುಗಳೇ. ಈಚಲಿಗೆ ಆ ದಾರಿಯಿಲ್ಲ. ಬೀಜ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಬೀಜವಾಗಬೇಕಾದರೆ ಹೆಣ್ಣುಮರವೂ ಬೇಕು, ಹತ್ತಿರದಲ್ಲಿ ಗಂಡುಮರವೂ ಬೇಕು, ಏಕೆಂದರೆ ಈ ಕುಲದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರಗಳು. ಹೂ ಬಿಡುವವರೆಗೆ ಯಾವುದು ಯಾವುದೆಂದು ನೋಡಿ ಹೇಳುವಂತಿಲ್ಲ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ದೊರೆತ, ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಖರ್ಜೂರದ ಬೀಜ 2005ರಲ್ಲಿ ಮೊಳೆತು ಜಗತ್ತೇ ಬೆರಗಾಯಿತಷ್ಟೆ. ಬೆಳೆದು ಹೂ ಬಿಟ್ಟಾಗ ನೋಡಿದರೆ ಅದು ಗಂಡು! ಹಣ್ಣು ಕಾಣಬೇಕಾದರೆ ಅಷ್ಟೇ ಪ್ರಾಚೀನವಾದ ಇನ್ನೊಂದು ಬೀಜ ಮೊಳೆತು ಹೆಣ್ಣಾಗಿ ಬೆಳೆಯುವವರೆಗೆ, 2020ರವರೆಗೆ, ಕಾಯಬೇಕಾಯಿತು.

ನಮ್ಮ ಕೆರೆಯ ಏರಿಯನ್ನು ಅಗಲಗೊಳಿಸಿದವರು ಕೋಡಿಯ ಬಳಿ ಒಂದು ಈಚಲನ್ನು ದಯೆಯಿಂದ ಉಳಿಸಿದ್ದಾರೆ. ಅದು ಹೆಣ್ಣುಮರ. ಕಣ್ಣಳತೆಯಲ್ಲಿ ಗಂಡುಮರವೊಂದೂ ಉಳಿದಿಲ್ಲ. ವರ್ಷ ವರ್ಷವೂ ಹೊಂಬಾಳೆ ಒಡೆಯುತ್ತದೆ. ಕಳೆದ ಮೂರು ವರ್ಷಗಳಲ್ಲಿ ನಾನು ಕಂಡಂತೆ ಬಹುಪಾಲು ಉದುರಿ, ಉಳಿದುದು ಬೀಜವಿಲ್ಲದ ಸೊರಗು ಕಾಯಿ. ಈ ಸಲ ಮಾಘಮಾಸದಲ್ಲಿ, ಜಯಮಂಗಲಿ ಹಳ್ಳದ ಕಡೆ ಉಳಿದಿರುವ ಒಂದು ಗಂಡುಮರದಿಂದ, ಹಿಂದೆ ಹೆಂಡ ಇಳಿಸುತ್ತಿದ್ದ ಹಿರಿಯರೊಬ್ಬರ ಮಗನನ್ನು ಹತ್ತಿಸಿ, ಅರಳಿದ ಹೂಗೊಂಚಲೊಂದನ್ನು ತರಿಸಿದೆ. ಬ್ಯಾಬಿಲೋನಿನ ತೋಟಗಾರರು ಮಾಡುತ್ತಿದ್ದಂತೆಯೇ ಅದರ ಎಳೆಗಳನ್ನು ಹೆಣ್ಣು ಹೊಂಬಾಳೆಗಳ ನಡುವೆ ಕಟ್ಟಿಸಿದ್ದಾಯಿತು. ಹುಡುಗ ಮರ ಇಳಿಯುವಾಗ ಮೈಯೆಲ್ಲ ಹಿಟ್ಟು ಚೆಲ್ಲಿದಂತೆ ಪರಾಗ. ಈಗ ಕಾಯಿ ಹಸಿರಾಗಿ ಉಬ್ಬಿವೆ. ಆಷಾಢದ ಗಾಳಿಗೆ ಉದುರತೊಡಗಿದಾಗ ಹೆಕ್ಕಿ, ಒಡೆದು, ಒಳಗೆ ಬೀಜವಿದೆಯೇ ಎಂದು ನೋಡಬೇಕು.